ಬಾವಿ ಪತ್ರದಾಗಿತ್ತು, ಹೊಲದಾಗ ಇರಲಿಲ್ಲ

ಅಕ್ಕಲಕೋಟ ತಾಲೂಕಿನ ನಮ್ಮೂರಲ್ಲಿ ಅಪ್ಪ ಒಂದೂವರೆ ಎಕರೆ ಹೊಲ ಖರೀದಿ ಮಾಡಿದ್ದು 1994ರಲ್ಲಿ. ಪತ್ರ ಮರಾಠಿಯಲ್ಲಿತ್ತು. ಅಪ್ಪ ಕಲಿತದ್ದು ಕನ್ನಡ ಸಾಲಿಯಲ್ಲಿ, ಆದರೂ ಮರಾಠಿ ಓದಲು ತೊಡಕೇನೂ ಇರಲಿಲ್ಲ. ‘ಪೂರ್ವೇಸ ವಿಹೀರ್’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ನೋಡೋ ತಮ್ಮಾ, ಮೂಡಲಕ್ಕ ಬಾವಿ ಐತಿ. ನೀರಿನ ಚಿಂತಿ ಹೋತು” ಅಂದರು. ನೀರಾವರಿ ಹೊಲದ ರೇಟೇ ಕೊಟ್ಟರು.

ಬ್ಯಾಸಗಿಯಲ್ಲಿ ಮೋಟಾರು ಕೂಡಿಸಲು ಹೋದಾಗ ಪಕ್ಕದ ಹೊಲದವರು ತಡೆದರು. ಮೋಜಣಿ ಮಾಡಿಸಿದೆವು. ಬಾವಿ ಅವರದೇ! ಪತ್ರದಲ್ಲಿ ಸುಳ್ಳಿರಲಿಲ್ಲ, ನಾವು ಓದಿದ್ದು ತಪ್ಪಾಗಿತ್ತು. ಚತುಃಸೀಮೆ ಎಂದರೆ ಹೊಲದೊಳಗೆ ಏನಿದೆ ಎಂಬ ಪಟ್ಟಿಯಲ್ಲ. ಹೊಲ ಮುಗಿದ ಮೇಲೆ ಆ ದಿಕ್ಕಿಗೆ ಏನಿದೆ ಎಂಬ ಗುರುತು. ಕರ್ನಾಟಕದ ಪತ್ರಗಳಲ್ಲಿ ಚೆಕ್ಕುಬಂದಿ ಅನ್ನುವುದೂ ಇದನ್ನೇ. ಬಾವಿ ನಿಮ್ಮದಾಗಿದ್ದರೆ ಅದನ್ನು ಪತ್ರದಲ್ಲಿ ಬೇರೆಯಾಗಿ ಬರೆಸಬೇಕು.

ಅಂದಿನಿಂದ ನಾನು ನಕಾಶೆ ಓದಲು ಕಲಿತೆ. ನೋಡಬೇಕಾದ್ದು ಮೂರೇ.

ಒಂದು, ದಿಕ್ಕು. ನಕಾಶೆಯ ಬಾಣ ಉತ್ತರಕ್ಕೆ ಇರುತ್ತದೆ. ಹೊಲದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತು, ಬಾಣ ಎಡಗೈ ಕಡೆ ಬರುವಂತೆ ಹಾಳೆ ತಿರುಗಿಸಿ ಹಿಡಿಯಿರಿ. ಹೊತ್ತು ಹುಟ್ಟುವ ಜಾಗವನ್ನೇ ಪೂರ್ವ ಅಂದುಕೊಳ್ಳಬೇಡಿ. ನಮ್ಮ ಕಡೆ ಡಿಸೆಂಬರಿನಲ್ಲಿ ಸೂರ್ಯ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ಮಾರ್ಚ್ 21, ಸೆಪ್ಟೆಂಬರ್ 23ರ ಸುಮಾರಿಗೆ ಮಾತ್ರ ನೇರ ಪೂರ್ವ. ಇನ್ನು ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯ ಈ ನಾಲ್ಕು ಮೂಲೆಗಳ ಹೆಸರು ಕನ್ನಡ, ಮರಾಠಿ ಎರಡರಲ್ಲೂ ಒಂದೇ.

ಎರಡು, ಪ್ರಮಾಣ. ಮೂಲೆಯಲ್ಲಿ 1:5,000 ಎಂದಿದ್ದರೆ ಹಾಳೆಯ 1 ಸೆಂ.ಮೀ. ನೆಲದ ಮೇಲೆ 50 ಮೀಟರ್. 1:50,000 ಎಂದಿದ್ದರೆ ಅದೇ 1 ಸೆಂ.ಮೀ. ಅರ್ಧ ಕಿಲೋಮೀಟರ್. ಅಂಥ ನಕಾಶೆಯಲ್ಲಿ ಊರು, ಹಳ್ಳ, ರಸ್ತೆ ಸಿಗುತ್ತವೆ, ನಿಮ್ಮ ಒಡ್ಡು ಸಿಗುವುದಿಲ್ಲ.

ಮೂರು, ಅಳತೆ. ಊರ ಮಾತಲ್ಲಿ ಎಕರೆ-ಗುಂಟೆ, 7/12 ಉತಾರದಲ್ಲಿ ಹೆಕ್ಟೇರ್-ಆರ್. 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ. 10 ಮೀಟರ್ ಉದ್ದ, 10 ಮೀಟರ್ ಅಗಲ ಒಂದು ಆರ್. ಎರಡೂ ಹೆಚ್ಚುಕಡಿಮೆ ಸಮ. ಆದರೆ 40 ಗುಂಟೆಗೆ ಎಕರೆ, 100 ಆರ್‌ಗೆ ಹೆಕ್ಟೇರ್. ನಮ್ಮ ಒಂದೂವರೆ ಎಕರೆ ಉತಾರದಲ್ಲಿ 0.61. ಅದನ್ನು ಅರ್ಧ ಎಕರೆ ಚಿಲ್ಲರೆ ಎಂದು ಓದಿದವ ಮುಳುಗಿದ.

ಈಗ ಉತಾರವೂ ಊರ ನಕಾಶೆಯೂ ಮೊಬೈಲಿನಲ್ಲೇ ಸಿಗುತ್ತವೆ. ನೋಡಿ, ಒಳ್ಳೆಯದೇ. ಆದರೆ ಮೊಬೈಲ್ ತೋರಿಸುವ ಜಾಗ ಬಯಲಲ್ಲೂ ನಾಲ್ಕೈದು ಮೀಟರ್ ಅತ್ತಿತ್ತ ಆಗಬಹುದು, ಅಂದರೆ ಗುಂಟೆಯ ಅರ್ಧ ಅಗಲ. ಅದನ್ನು ನಂಬಿ ಬಾಂದಗಲ್ಲು ಹುಗಿಯಬೇಡಿ. ಅದಕ್ಕೆ ಸರಕಾರಿ ಮೋಜಣಿಯೇ ಬೇಕು.

ಆ ಹೊಲದಲ್ಲಿ ಇವತ್ತಿಗೂ ಮಳಿ ನಂಬಿದ ಜೋಳವೇ. ಮೊನ್ನೆ ನನ್ನ ಮಗ ಇನ್ನೊಂದು ಹೊಲದ ಕಾಗದ ತಂದ. ಅಪ್ಪನಿಗೆ ಈಗ ಅಕ್ಷರ ಕಾಣುವುದಿಲ್ಲ. ಕೂತಲ್ಲಿಂದಲೇ ಕೇಳಿದರು: “ಬಾವಿ ಒಳಗೈತೋ, ಹೊರಗೈತೋ? ಮೊದಲ ಅದನ್ನ ಹೇಳು.”