ತೋಳಪಟ್ಟಿಯ ಹೊಣೆ: ಕರ್ನಾಟಕದ ಹಾಕಿ ನಾಯಕರು ನಡೆದ ದಾರಿ

ಹಿಮಗಟ್ಟಿದ ಅಂಗಳದ ಮೇಲೆ ಲೋಹದ ಅಲಗುಳ್ಳ ಸ್ಕೇಟ್ ಕಟ್ಟಿಕೊಂಡು, ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆದಾಡುವ ಐಸ್ ಹಾಕಿಯು ಕೆನಡಾ, ಅಮೆರಿಕ, ಸ್ವೀಡನ್, ಫಿನ್ಲೆಂಡ್ ಮುಂತಾದ ದೇಶಗಳಲ್ಲಿ ಒಂದು ಪೂರ್ಣಪ್ರಮಾಣದ ಉದ್ಯೋಗವಾಗಿ ಬೆಳೆದಿದ್ದು, ಅಲ್ಲಿ ತಂಡದ ನಾಯಕನಾಗುವುದೆಂದರೆ ಆ ಉದ್ಯೋಗದ ಅತ್ಯುನ್ನತ ಗೌರವಕ್ಕೆ ಪಾತ್ರನಾಗುವುದೆಂದೇ ಎಣಿಸಲಾಗುತ್ತದೆ. 1917ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಕಿ ಲೀಗ್‌ನ ತಂಡಗಳಲ್ಲಿ ನಾಯಕನ ಅಂಗಿಯ ಎದೆಭಾಗದಲ್ಲಿ ‘ಸಿ’ ಎಂಬ ಅಕ್ಷರವನ್ನು ಹೊಲಿದಿರುತ್ತಾರೆ. ತೀರ್ಪುಗಾರರೊಡನೆ ನಿಯಮದ ಬಗ್ಗೆ ಮಾತನಾಡುವ ಅಧಿಕಾರ ಆ ಅಕ್ಷರ ಧರಿಸಿದವನಿಗೆ, ಅವನು ಅಂಗಳದಲ್ಲಿ ಇಲ್ಲದಾಗ ‘ಎ’ ಅಕ್ಷರ ಧರಿಸಿದ ಸಹನಾಯಕನಿಗೆ ಮಾತ್ರ ಇರುತ್ತದೆ. ಡೆಟ್ರಾಯ್ಟ್ ರೆಡ್ ವಿಂಗ್ಸ್ ತಂಡವನ್ನು ಸ್ಟೀವ್ ಐಸರ್‌ಮನ್ 1986ರಿಂದ 2006ರವರೆಗೆ ಮುನ್ನಡೆಸಿದರು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಸಿಡ್ನಿ ಕ್ರಾಸ್ಬಿ 2007ರಲ್ಲಿ ನಾಯಕರಾದಾಗ ಅವರಿಗೆ ಹತ್ತೊಂಬತ್ತೇ ವರ್ಷ. ಆಟವೇ ಸಂಬಳ ಕೊಡುವ ಕಡೆ ನಾಯಕತ್ವವೂ ಹೀಗೆ ದಶಕಗಳ ಕಾಲ ಬಾಳಬಲ್ಲದು.

ಹಿಮದ ಆ ಆಟ ನಮ್ಮದಲ್ಲ: ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ಮಕ್ಕಳು ಸ್ಕೇಟ್ ಕಟ್ಟುವುದು ಸಿಮೆಂಟಿನ ಅಂಗಳದಲ್ಲಿ, ಅದೂ ಚಕ್ರದ ಸ್ಕೇಟು. ಕನ್ನಡನಾಡು ಜಗತ್ತಿಗೆ ಕೊಟ್ಟಿರುವುದು ಬಯಲಿನ ಹಾಕಿಯ ನಾಯಕರನ್ನು. ಈ ಆಟದ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ನಾಯಕನಾದವನು ತೋಳಿಗೆ ಎದ್ದು ಕಾಣುವ ಪಟ್ಟಿಯೊಂದನ್ನು ಕಟ್ಟಿಕೊಳ್ಳಬೇಕು. ತನ್ನ ತಂಡದ ಎಲ್ಲ ಆಟಗಾರರ ನಡವಳಿಕೆಗೂ, ಆಟಗಾರರ ಅದಲುಬದಲು ಸರಿಯಾಗಿ ನಡೆಯುವುದಕ್ಕೂ ಅವನೇ ಹೊಣೆ. ಆ ಹೊಣೆಯನ್ನು ನಿರ್ವಹಿಸದಿದ್ದರೆ ಶಿಕ್ಷೆಯೂ ಅವನಿಗೇ. ಬೇರೆಯವರ ತಪ್ಪಿಗೆ ತಾನು ತಲೆಕೊಡಬೇಕಾದ ಈ ಹುದ್ದೆಗೆ ಭಾರತದಲ್ಲಿ ಬಹುಕಾಲ ಪ್ರತ್ಯೇಕ ಸಂಬಳವಿರಲಿಲ್ಲ, ಅವಧಿಯ ಭರವಸೆಯೂ ಇರಲಿಲ್ಲ. ಆಯ್ಕೆ ಸಮಿತಿಯು ಒಂದು ಪ್ರವಾಸಕ್ಕೆ ಅಥವಾ ಒಂದು ಪಂದ್ಯಾವಳಿಗೆ ನಾಯಕನನ್ನು ಹೆಸರಿಸುತ್ತಿತ್ತು, ಮುಂದಿನದಕ್ಕೆ ಇನ್ನೊಬ್ಬನನ್ನು.

ಅಂಥ ನಾಯಕತ್ವದ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದ ಕನ್ನಡಿಗರು ಮೊಳ್ಳೇರ ಪೂವಯ್ಯ ಗಣೇಶ್. 1946ರಲ್ಲಿ ಕೊಡಗಿನಲ್ಲಿ ಹುಟ್ಟಿದ ಗಣೇಶ್ ಮೊದಲು ಫುಟ್‌ಬಾಲ್ ಆಡಿದವರು. ಸೇನೆಗೆ ಸೇರಿದ ಬಳಿಕ ಹಾಕಿಯಲ್ಲಿ ಮುಂದೆ ಬಂದು, ಸೇನಾಪಡೆಗಳ ಒಟ್ಟು ತಂಡವಾದ ಸರ್ವಿಸಸ್ ಮೂಲಕ ರಾಷ್ಟ್ರೀಯ ತಂಡವನ್ನು ತಲುಪಿದರು. 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್‌ನಲ್ಲಿಯೂ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿಯೂ ಕಂಚು ಗೆದ್ದ ತಂಡಗಳಲ್ಲಿ ಆಡಿದ ಅವರಿಗೆ, 1973ರಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್ವೇನ್‌ನಲ್ಲಿ ನಡೆದ ಎರಡನೆಯ ವಿಶ್ವಕಪ್‌ಗೆ ನಾಯಕನ ಪಟ್ಟ ದೊರೆಯಿತು. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1–0ರಿಂದ ಸೋಲಿಸಿದ ಭಾರತ, ಅಂತಿಮ ಪಂದ್ಯದಲ್ಲಿ ಆತಿಥೇಯರನ್ನು ಎದುರಿಸಿತು. ಆರಂಭದಲ್ಲೇ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದರು. ಡಚ್ಚರು ಎರಡನ್ನೂ ತೀರಿಸಿದರು. ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ನಿಯಮದ ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲ್‌ಕೀಪರ್ ಒಬ್ಬನನ್ನೇ ಎದುರಿಗಿಟ್ಟುಕೊಂಡು ನಿಂತ ಚೆಂಡನ್ನು ಗೋಲಿಗೆ ತಳ್ಳುವ ಅವಕಾಶ, ಸಿಕ್ಕಿತು. ಅದನ್ನು ತೆಗೆದುಕೊಂಡವರು ಸೋಮವಾರಪೇಟೆಯ ಬಿ.ಪಿ. ಗೋವಿಂದ, ತಂಡದ ನಂಬಿಕಸ್ಥ ಮುಂಪಡೆ ಆಟಗಾರರಲ್ಲಿ ಒಬ್ಬರು. ಚೆಂಡು ಗೋಲಾಗಲಿಲ್ಲ. ಕೊನೆಗೆ ಎರಡೂ ತಂಡಗಳು ಸರದಿಯಂತೆ ಪೆನಾಲ್ಟಿ ಸ್ಟ್ರೋಕ್‌ಗಳನ್ನು ಹೊಡೆದಾಗ ನೆದರ್ಲೆಂಡ್ಸ್ 4–2ರಿಂದ ಕಪ್ ಎತ್ತಿಕೊಂಡಿತು.

ಈ ಪಂದ್ಯವನ್ನು ಇಷ್ಟು ವಿವರವಾಗಿ ನೆನೆಯಲು ಕಾರಣವಿದೆ. ಗೆದ್ದ ನಾಯಕರ ಹೆಸರು ಶಾಲೆಯ ಪುಸ್ತಕಗಳಿಗೆ ಹೋಗುತ್ತದೆ, ಕೂದಲೆಳೆಯಲ್ಲಿ ಸೋತವರದು ಹೋಗುವುದಿಲ್ಲ. ಎರಡು ವರ್ಷಗಳ ನಂತರ, 1975ರಲ್ಲಿ, ಕ್ವಾಲಾಲಂಪುರದಲ್ಲಿ ಅಜಿತ್‌ಪಾಲ್ ಸಿಂಗ್ ಅವರ ನಾಯಕತ್ವದ ಭಾರತ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು; ಆ ಗೆಲುವಿಗೆ ಅಡಿಪಾಯ ಹಾಕಿದ 1973ರ ತಂಡ ಮತ್ತು ಅದರ ನಾಯಕರನ್ನು ನಾಡು ಸಾಕಷ್ಟು ನೆನೆದಿಲ್ಲವೆಂದೇ ಹೇಳಬೇಕು. ಗಣೇಶ್ ಅವರಿಗೆ 1973ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಪದ್ಮಶ್ರೀ ಬಂದದ್ದು 2020ರಲ್ಲಿ, ಅಂದರೆ ನಲವತ್ತೇಳು ವರ್ಷಗಳ ಬಳಿಕ.

ಆ ತಲೆಮಾರಿನ ಆಟಗಾರರ ಜೀವನೋಪಾಯ ನಿಂತದ್ದು ಆಟದ ಮೇಲಲ್ಲ, ಆಟದಿಂದ ದೊರೆತ ನೌಕರಿಯ ಮೇಲೆ. ಸೇನೆ, ರೈಲ್ವೆ, ಬ್ಯಾಂಕು, ತೈಲ ಕಂಪನಿ, ವಿಮಾನ ಸಂಸ್ಥೆ ಮುಂತಾದವು ಕ್ರೀಡಾ ಕೋಟಾ ಎಂಬ ಮೀಸಲು ನೇಮಕಾತಿಯ ಮೂಲಕ ಆಟಗಾರರಿಗೆ ಕೆಲಸ ಕೊಟ್ಟು, ಅಭ್ಯಾಸಕ್ಕೆ ರಜೆ ಕೊಟ್ಟು, ಪ್ರತಿಯಾಗಿ ತಮ್ಮ ಹೆಸರಿನ ತಂಡದಲ್ಲಿ ಆಡಿಸಿಕೊಳ್ಳುತ್ತಿದ್ದವು. ಯಲಹಂಕದ ರೈಲು ಗಾಲಿ ಕಾರ್ಖಾನೆಯನ್ನೂ ಒಳಗೊಂಡ ರೈಲ್ವೆ, ಯಲಹಂಕ ಹಾಗೂ ಜಾಲಹಳ್ಳಿಯಲ್ಲಿ ನೆಲೆಗಳಿರುವ ವಾಯುಪಡೆ, ಜಾಲಹಳ್ಳಿಯ ಸಾರ್ವಜನಿಕ ಉದ್ದಿಮೆಗಳು ಉತ್ತರ ಬೆಂಗಳೂರಿನಲ್ಲಿ ಕಟ್ಟಿದ್ದು ಇಂಥದೇ ಲೋಕವನ್ನು: ಖಾಯಂ ನೌಕರಿ, ವಸತಿಗೃಹ, ಸಂಜೆಯ ಮೈದಾನ. ವೃತ್ತಿಪರ ಲೀಗುಗಳ ಹೊಳಪು ಈ ವ್ಯವಸ್ಥೆಗೆ ಇರಲಿಲ್ಲವಾದರೂ, ಮೊಣಕಾಲು ಕೈಕೊಟ್ಟ ದಿನವೂ ಆಟಗಾರನ ಮನೆಯ ಒಲೆ ಆರದಂತೆ ಅದು ನೋಡಿಕೊಂಡಿತು, ಮತ್ತು ಅದೊಂದು ಸಣ್ಣ ಸಾಧನೆಯಲ್ಲ.

ಮಣೆಯಪಂಡ ಮುತ್ತಣ್ಣ ಸೋಮಯ್ಯ ಅವರ ಜೀವನ ಇದಕ್ಕೆ ಉದಾಹರಣೆ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅವರು, ಲಾಸ್ ಏಂಜಲೀಸ್‌ನಲ್ಲಿಯೂ ಆಡಿ, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಮುನ್ನಡೆಸಿದರು. ನೌಕರಿ ಭಾರತ್ ಪೆಟ್ರೋಲಿಯಂನಲ್ಲಿ. ಸೋಲ್‌ಗೆ ಹೋದ ತಂಡದ ತರಬೇತುದಾರರು ಅದೇ ಗಣೇಶ್. ಅದರಲ್ಲಿದ್ದ ಬೆಂಗಳೂರಿನ ಯುವ ಮಧ್ಯಪಡೆ ಆಟಗಾರ ಜೂಡ್ ಫೆಲಿಕ್ಸ್. ಹೀಗೆ ಹಿಂದಿನ ನಾಯಕ, ಅಂದಿನ ನಾಯಕ, ಮುಂದಿನ ನಾಯಕ ಮೂವರೂ ಕರ್ನಾಟಕದವರೇ ಆಗಿ ಒಂದೇ ತಂಡದಲ್ಲಿ ಕೂಡಿದ್ದರು. ಭಾರತಕ್ಕೆ ಅಲ್ಲಿ ದೊರೆತದ್ದು ಆರನೆಯ ಸ್ಥಾನ. ಹುಲ್ಲಿನ ಮೈದಾನದಲ್ಲಿ ಬೆಳೆದ ಭಾರತದ ಹಾಕಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಬಂದ ಕೃತಕ ಹಾಸಿನ ವೇಗಕ್ಕೆ ಒಗ್ಗಿಕೊಳ್ಳಲು ಹೆಣಗುತ್ತಿದ್ದ ಕಾಲ ಅದಾಗಿದ್ದು, ಆ ಬದಲಾವಣೆಯ ಭಾರವನ್ನು ಹೊತ್ತವರು ಈ ನಾಯಕರೇ.

ಜೂಡ್ ಫೆಲಿಕ್ಸ್ 1994ರ ಸಿಡ್ನಿ ವಿಶ್ವಕಪ್‌ನಲ್ಲಿ ಐದನೆಯ ಸ್ಥಾನ ಪಡೆದ, ಹಿರೋಷಿಮಾದ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕರು. ಅವರ ವೃತ್ತಿಜೀವನದ ಉತ್ತರಾರ್ಧ ಪೂರ್ವಾರ್ಧಕ್ಕಿಂತ ಒಂದು ಕೈ ಮಿಗಿಲೆನ್ನಬಹುದು: ಸಿಂಗಪುರದ ರಾಷ್ಟ್ರೀಯ ತಂಡಕ್ಕೆ ತರಬೇತಿ ನೀಡಿದ ನಂತರ ಊರಿಗೆ ಮರಳಿದ ಅವರು 2009ರಲ್ಲಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದು, ಅನಾಥಾಲಯದ ಹಾಗೂ ಬಡ ಕುಟುಂಬಗಳ ಮಕ್ಕಳ ಕೈಗೆ ಹಾಕಿ ಕೋಲು ಕೊಟ್ಟರು. ತರಬೇತುದಾರರಿಗೆ ಕೇಂದ್ರ ಸರ್ಕಾರ ನೀಡುವ ದ್ರೋಣಾಚಾರ್ಯ ಪ್ರಶಸ್ತಿ 2020ರಲ್ಲಿ ಅವರಿಗೆ ಸಂದಿತು.

ಆಟವನ್ನೇ ಉದ್ಯೋಗವಾಗಿಸುವ ಪ್ರಯತ್ನಗಳು ಭಾರತದಲ್ಲಿ ಆರಂಭವಾದದ್ದು ಈ ಶತಮಾನದಲ್ಲಿ, ಮತ್ತು ಅವು ಮತ್ತೆ ಮತ್ತೆ ಅರ್ಧಕ್ಕೆ ನಿಂತವು. 2005ರಲ್ಲಿ ಶುರುವಾದ ಪ್ರೀಮಿಯರ್ ಹಾಕಿ ಲೀಗ್ 2008ಕ್ಕೆ ಮುಗಿಯಿತು. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಅವರ ನಾಯಕತ್ವದ ಕರ್ನಾಟಕ ಲಯನ್ಸ್ ಇತ್ತು. ಆದರೆ ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆಯಿಲ್ಲದ ಆ ಲೀಗ್ ಒಂದೇ ಆವೃತ್ತಿಗೆ ಕೊನೆಗೊಂಡಿತು. 2013ರಲ್ಲಿ ಆರಂಭವಾದ ಹಾಕಿ ಇಂಡಿಯಾ ಲೀಗ್‌ನ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ 76,000 ಡಾಲರ್‌ಗೆ ಮಾರಾಟವಾಗಿ ನಾಯಕರಾದದ್ದು ಉತ್ತರಪ್ರದೇಶ ವಿಜಾರ್ಡ್ಸ್ ತಂಡಕ್ಕೆ, ಏಕೆಂದರೆ ಕರ್ನಾಟಕಕ್ಕೆ ಅಲ್ಲಿ ತಂಡವೇ ಇರಲಿಲ್ಲ. 2017ರ ನಂತರ ಅದೂ ನಿಂತಿತು.

ಲೀಗುಗಳ ಕಥೆ ಹೀಗಾದರೆ, ಕೊಡಗಿನ ಮನೆತನಗಳ ಕಥೆ ಬೇರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಅಲ್ಲಿನ ಕರಡ ಗ್ರಾಮದಲ್ಲಿ 60 ಕೊಡವ ಮನೆತನಗಳ ತಂಡಗಳೊಂದಿಗೆ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವ ಇಂದು ನೂರಾರು ತಂಡಗಳಿಗೆ ಬೆಳೆದಿದೆ. ಒಂದೇ ಮನೆತನದ ಹಿರಿಯರು, ಹೆಣ್ಣುಮಕ್ಕಳು, ಶಾಲಾ ಹುಡುಗರು ಜೊತೆಯಾಗಿ ಆಡುವ ಅಲ್ಲಿ ಪ್ರತಿ ಮನೆತನದ ತಂಡಕ್ಕೂ ಒಬ್ಬ ನಾಯಕನಿರುತ್ತಾನೆ. ನಾಯಕರನ್ನು ಮನೆಯಿಂದಲೇ ತಯಾರು ಮಾಡುವ ಇಂಥ ನಾಡಿಗೆ, ಕೋಟಿಗಟ್ಟಲೆ ಬಂಡವಾಳ ಹರಿಯುವ ಬೆಂಗಳೂರಿಗೆ, ಒಂದು ವೃತ್ತಿಪರ ತಂಡವನ್ನು ಸಾಕುವ ಶಕ್ತಿ ಇಲ್ಲವೆಂದು ನಂಬುವುದು ಕಷ್ಟ. ಏಳು ವರ್ಷಗಳ ಬಿಡುವಿನ ನಂತರ 2024ರ ಡಿಸೆಂಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಆರಂಭವಾದಾಗ ಅದರಲ್ಲಿ ಎಂಟು ಪುರುಷರ ತಂಡಗಳಿದ್ದವು. ತಮಿಳುನಾಡು, ಹೈದರಾಬಾದ್, ಬಂಗಾಳ, ಕಳಿಂಗದ ಹೆಸರುಗಳು ಆ ಪಟ್ಟಿಯಲ್ಲಿದ್ದವು, ಕರ್ನಾಟಕದ ಹೆಸರಿರಲಿಲ್ಲ.