ಎಕ್ಸ್‌ಟೆನ್ಷನ್, ಲೇಔಟ್, ಸೈಟು: ಅರ್ಥವ್ಯತ್ಯಾಸದ ಕೆಲವು ನೆಲೆಗಳು

ಇಂಗ್ಲಿಶಿನಿಂದ ಬಂದ ಪದಗಳ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಸ್ವೀಕಾರ-ನಿರಾಕರಣೆಗಳ ಪ್ರಶ್ನೆಯಾಗಿಯೇ ಉಳಿದಿದೆ. ಸಮೀಪಾರ್ಥಕಗಳಾದ ಎರಡು ಪದಗಳು ಜೊತೆಯಾಗಿ ಬಂದಾಗ ಅವುಗಳ ನಡುವಣ ಅಂತರ ಕನ್ನಡದಲ್ಲಿ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ದಾವಣಗೆರೆಯ ಕೆ.ಬಿ. ಬಡಾವಣೆಯನ್ನೇ ನೋಡಬಹುದು. ಜನ ಇದನ್ನು ‘ಕೆ.ಬಿ. ಎಕ್ಸ್‌ಟೆನ್ಷನ್’ ಎನ್ನುವುದುಂಟು, ‘ಕೆ.ಬಿ. ಲೇಔಟ್’ ಎನ್ನುವುದಿಲ್ಲ. ಪಿ.ಜೆ. ಬಡಾವಣೆಯದೂ ಇದೇ ರೀತಿ. ಬೆಂಗಳೂರಿನ ಬಿ.ಟಿ.ಎಂ., ಎಚ್.ಎಸ್.ಆರ್.ಗಳಾದರೋ ಲೇಔಟ್‌ಗಳು. ಎಕ್ಸ್‌ಟೆನ್ಷನ್ ಎಂಬುದು ಇರುವ ಊರು ಮುಂದಕ್ಕೆ ಚಾಚಿಕೊಂಡುದನ್ನು ಸೂಚಿಸುತ್ತದೆ. ಹಳೆಯ ಊರಿನ ಸಂಬಂಧ ಅದರ ಅರ್ಥದಲ್ಲಿಯೇ ಅಡಗಿದೆ. ಲೇಔಟ್ ಎಂಬುದು ನೆಲವನ್ನು ರಸ್ತೆ, ನಿವೇಶನ, ಉದ್ಯಾನಗಳಾಗಿ ವಿಂಗಡಿಸಿದ ವಿನ್ಯಾಸ. ಮೂಲತಃ ಕಾಗದದ ಮೇಲಿನದು. ವಿನ್ಯಾಸದ ಹೆಸರು ವಾಸಸ್ಥಳದ ಹೆಸರಾದುದು ನಮ್ಮ ಕಡೆಯ ಬೆಳವಣಿಗೆ.

ಕನ್ನಡದಲ್ಲಿ ಇವೆರಡಕ್ಕೂ ‘ಬಡಾವಣೆ’ ಒಂದೇ. ಹೆಚ್ಚಿಸು, ಬೆಳೆಸು ಎಂಬರ್ಥದ ಹಿಂದುಸ್ತಾನಿಯ ‘ಬಢಾನಾ’ದೊಡನೆ ಈ ಪದದ ನಂಟು ತೋರುವುದರಿಂದ ಇದು ಎಕ್ಸ್‌ಟೆನ್ಷನ್‌ಗೇ ಹತ್ತಿರವಾದುದು. ಆದರೆ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ ಇವೆರಡರ 32ನೆಯ ಪ್ರಕರಣದ ಇಂಗ್ಲಿಶ್ ಪಾಠವು ‘ಎಕ್ಸ್‌ಟೆನ್ಷನ್ ಅಥವಾ ಲೇಔಟ್’ ಎಂದು ಎರಡನ್ನೂ ಹೆಸರಿಸುತ್ತದೆ. ಅನುವಾದಕನು ‘ಬಡಾವಣೆ ಅಥವಾ ಬಡಾವಣೆ’ ಎಂದು ಬರೆಯುವಂತಿಲ್ಲವಷ್ಟೆ! ತೊಡಕು ಅನುವಾದಕನೊಬ್ಬನದೇ ಅಲ್ಲ. ‘ಬಡಾವಣೆ ಆಗಿದೆ’ ಎಂಬ ಮಾತಿಗೆ ಹೊಲದಲ್ಲಿ ಕಲ್ಲು ನೆಟ್ಟು ರಸ್ತೆ ಎಳೆದಿದ್ದಾರೆ ಎಂಬ ಅರ್ಥವೂ ಇದೆ. ವಿನ್ಯಾಸ ನಕ್ಷೆಗೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಂತಹ ಸಂಸ್ಥೆಯ ಅನುಮೋದನೆ ದೊರೆತಿದೆ ಎಂಬ ಅರ್ಥವೂ ಇದೆ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಹಣ ತೆತ್ತವನ ಕೈಗೆ ಬರುವುದು ‘ರೆವಿನ್ಯೂ ಸೈಟು’.

ಈ ‘ಸೈಟು’ ಇನ್ನೂ ಕುತೂಹಲಕರವಾದುದು. ಇಂಗ್ಲಿಶಿನಲ್ಲಿ ಸೈಟ್ ಎಂದರೆ ಏನಾದರೂ ಇರುವ ಅಥವಾ ನಡೆಯುವ ಸ್ಥಳ. ಅಳತೆ ಮಾಡಿ ಗಡಿ ಗುರುತಿಸಿದ ತುಂಡುಭೂಮಿಗೆ ಪ್ಲಾಟ್ ಎಂಬ ಪದವಿದೆ. ಹಳೆಯ ಮೈಸೂರಿನ ಕನ್ನಡವು ಸೈಟನ್ನೇ ತುಂಡುಭೂಮಿಯಾಗಿಸಿತು; ಹುಬ್ಬಳ್ಳಿ, ಬೆಳಗಾವಿಗಳ ಕಡೆ ‘ಪ್ಲಾಟು’ ರೂಢಿಯಲ್ಲಿದೆ. 1956ರವರೆಗೆ ಹರಿಹರ ಮೈಸೂರಿನದು, ತುಂಗಭದ್ರೆಯ ಆಚೆಯ ರಾಣೆಬೆನ್ನೂರು ಧಾರವಾಡ ಜಿಲ್ಲೆಯದು ಎಂಬುದನ್ನು ನೆನೆದರೆ, ಈ ಎರಡು ಪದಗಳ ಗಡಿಯನ್ನು ಈ ಹೊಳೆಯ ದಂಡೆಗಳಲ್ಲಿ ಹುಡುಕುವುದು ಕ್ಷೇತ್ರಕಾರ್ಯಕ್ಕೆ ಒಳ್ಳೆಯ ವಿಷಯವಾದೀತು. ಆಡಳಿತ ಕನ್ನಡ ಆರಿಸಿಕೊಂಡುದು ‘ನಿವೇಶನ’. ಸಂಸ್ಕೃತದಲ್ಲಿ ಅದಕ್ಕೆ ಮನೆ, ವಾಸಸ್ಥಾನ ಎಂಬ ಅರ್ಥವಿದೆ. ನಮ್ಮಲ್ಲಿ ಮನೆಯಿಲ್ಲದ ಖಾಲಿ ನೆಲವೇ ನಿವೇಶನ.

ಮೇನ್, ಕ್ರಾಸ್‌ಗಳಲ್ಲಿ ವಿಶೇಷಣವೇ ನಾಮಪದವಾಗಿದೆ, ‘ರೋಡ್’ ಬಿದ್ದುಹೋಗಿದೆ. ಬಡಾವಣೆಯೊಳಗೆ ಕ್ರಾಸ್ ಎಂದರೆ ಅಡ್ಡರಸ್ತೆ. ಹೆದ್ದಾರಿಯಲ್ಲಿ ಅದೇ ಪದಕ್ಕೆ ಹಳ್ಳಿಯ ದಾರಿ ಕವಲೊಡೆಯುವ ತಾಣ, ಬಸ್ಸು ನಿಲ್ಲುವ ಜಾಗ ಎಂಬ ಅರ್ಥ. ‘ಕ್ರಾಸಿನಲ್ಲಿ ಇಳಿದೆ’ ಎಂದವನು ಊರಿನ ಒಳಗಿದ್ದಾನೋ ಹೊರಗಿದ್ದಾನೋ ಎಂಬುದನ್ನು ನಿಘಂಟು ಹೇಳಲಾರದು. ಅವನು ಆಟೋದಿಂದ ಇಳಿದನೋ ಬಸ್ಸಿನಿಂದಲೋ ಎಂದು ಕೇಳಬೇಕು.