ಮಣಿಕರಣ: ಅನ್ನ ಬೇಯುವ ನೀರಲ್ಲಿ ಮೀಯುವ ಊರು

ಹಿಮಾಚಲ ಪ್ರದೇಶದ ಕುಲು ಜಿಲ್ಲೆಯ ಮಣಿಕರಣ, ಪಾರ್ವತಿ ನದಿಯ ದಡಕ್ಕೆ ಅಂಟಿಕೊಂಡ ಪುಟ್ಟ ಊರು. ಕಸೋಲ್‌ನಿಂದ ನಾಲ್ಕು ಕಿ.ಮೀ. ಮುಂದೆ, ಸಮುದ್ರ ಮಟ್ಟಕ್ಕಿಂತ ಸುಮಾರು 1,760 ಮೀಟರ್ ಎತ್ತರದಲ್ಲಿದೆ. ನದಿಯಲ್ಲಿ ಹರಿಯುವುದು ಹಿಮ ಕರಗಿದ ನೀರು, ಕೈಯಿಟ್ಟರೆ ಮರಗಟ್ಟುತ್ತದೆ. ಅದರ ಪಕ್ಕದಲ್ಲೇ ಕಲ್ಲಿನ ಸಂದಿಯಿಂದ 90 ಡಿಗ್ರಿ ಸೆಲ್ಸಿಯಸ್ ಮೀರಿದ ನೀರು ಕೊತಕೊತನೆ ಉಕ್ಕುತ್ತದೆ. ಇಷ್ಟು ಎತ್ತರದಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, 94ರ ಆಸುಪಾಸು ಸಾಕು. ಹಾಗಾಗಿ ಇದನ್ನು ಬಿಸಿನೀರೆನ್ನುವುದಕ್ಕಿಂತ ಕುದಿನೀರೆನ್ನುವುದೇ ಸರಿ.

ಪಾರ್ವತಿಯ ಕಿವಿಯ ಮಣಿ ಇಲ್ಲಿ ನೀರಿಗೆ ಬಿತ್ತು, ಶೇಷನಾಗನ ಬುಸುಗುಟ್ಟುವಿಕೆಗೆ ಮಣಿಗಳೂ ಬಿಸಿನೀರೂ ಮೇಲೆ ಚಿಮ್ಮಿದವು ಎನ್ನುತ್ತದೆ ಸ್ಥಳಪುರಾಣ. ಭೂವಿಜ್ಞಾನದ ಪ್ರಕಾರ ಇಲ್ಲಿ ಜ್ವಾಲಾಮುಖಿಯಿಲ್ಲ. ಮಳೆ, ಹಿಮದ ನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಬಂಡೆಯ ಕಾವಿಗೆ ಕಾದು, ಮತ್ತೆ ಮೇಲೇರುತ್ತದೆ. ಈ ಶಾಖದಿಂದ ವಿದ್ಯುತ್ ತೆಗೆಯಲು 5 ಕಿಲೋವಾಟ್‌ನ ಪ್ರಾಯೋಗಿಕ ಘಟಕವೊಂದನ್ನು ಇಲ್ಲಿ ಸ್ಥಾಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್).

ಇಲ್ಲಿನ ಸಿಖ್ ಗುರುದ್ವಾರದ ಲಂಗರಿನ, ಅಂದರೆ ಸಾಮೂಹಿಕ ಊಟದ, ಅಡುಗೆಗೂ ಈ ನೀರೇ ಒಲೆ. ಯಾತ್ರಿಕರು ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ದಾರದ ತುದಿ ಹಿಡಿದು ಕುಂಡಕ್ಕೆ ಇಳಿಬಿಡುತ್ತಾರೆ, ಅನ್ನವಾಗುತ್ತದೆ. ಅಕ್ಕಿ ಬೇಯಿಸುವ ನೀರಿಗೆ ಕೈ ಬೇರೆಯೇನಲ್ಲ. 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಕುಂಡದ ಸುತ್ತಲ ಕಲ್ಲು ಸದಾ ಒದ್ದೆ, ದಟ್ಟ ಹಬೆಯಲ್ಲಿ ಅಂಚು ಕಾಣುವುದಿಲ್ಲ. ಫೋಟೊಕ್ಕಾಗಿ ಬಾಗುವವರಿಗೆ, ಕೈ ಬಿಟ್ಟ ಮಕ್ಕಳಿಗೆ ಅಪಾಯ ಇರುವುದು ಇಲ್ಲೇ.

ಮೀಯುವ ತೊಟ್ಟಿಗಳು ಬೇರೆ, ಗಂಡಸರಿಗೊಂದು, ಹೆಂಗಸರಿಗೊಂದು. ಅಲ್ಲಿ ತಣ್ಣೀರು ಬೆರೆಸಿ ಹದ ಮಾಡಿರುತ್ತಾರೆ. ಆ ಹದ ಎಲ್ಲ ಹೊತ್ತೂ, ಎಲ್ಲ ಮೂಲೆಯಲ್ಲೂ ಒಂದೇ ಇರುವುದಿಲ್ಲ; ಬಿಸಿನೀರು ಬೀಳುವ ಬಾಯಿಯ ಹತ್ತಿರ ಸುಡುತ್ತದೆ. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಮೈ ಎಂಬ ಹಳಬರ ಕ್ರಮವೇ ಇಲ್ಲಿ ಥರ್ಮಾಮೀಟರ್. 40 ಡಿಗ್ರಿ ದಾಟದ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಸಾಕು.

ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುತ್ತದೆ. ಕುಳಿತಿರುವಾಗ ಇದು ಗೊತ್ತಾಗದು. ದಡಬಡ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಬೆವರು ನೀರಲ್ಲೇ ತೊಳೆದುಹೋಗುವುದರಿಂದ ದಾಹವೂ ತಿಳಿಯುವುದಿಲ್ಲ. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು, ಕುಡಿದವರಂತೂ ಇಳಿಯಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಕಾಲಿನ ಬದಲು ಮೊಣಕೈಯಿಂದ ಬಿಸಿ ನೋಡಬೇಕು. ತೀರ್ಥವೆಂದು ಮೂರು ಮುಳುಗು ಹಾಕುವ ಆಸೆ ಸಹಜವೇ. ಆದರೆ ಕೇರಳದಲ್ಲಿ ಸುದ್ದಿ ಮಾಡಿದ, ಮೆದುಳಿಗೆ ಸೋಂಕು ತರುವ ಅಮೀಬಾ ಬೆಚ್ಚನೆಯ ಸಿಹಿನೀರಿನಲ್ಲೇ ಬೆಳೆಯುವಂಥದ್ದು, ಮೂಗಿನ ಮೂಲಕವೇ ಒಳಹೋಗುವಂಥದ್ದು. ಇದು ಅಪರೂಪದ ಕಾಯಿಲೆ, ಬಂದರೆ ಬಹುತೇಕ ಮಾರಕ. ಯಾವುದೇ ಬಿಸಿನೀರ ಕೊಳದಲ್ಲಿ ತಲೆ ಮುಳುಗಿಸದಿರುವುದೇ ಲೇಸು.

ಇದೇ ಕಣಿವೆಯಲ್ಲಿ ಇನ್ನೂ ಮೇಲೆ, ಸುಮಾರು 2,960 ಮೀಟರ್ ಎತ್ತರದಲ್ಲಿ ಖೀರ್‌ಗಂಗಾದ ಬಯಲು ಕೊಳವಿದೆ. ಅಲ್ಲಿಯ ನೀರು ಮಣಿಕರಣದಷ್ಟು ಉರಿಯದು. ಆದರೆ ತಾಸುಗಟ್ಟಲೆ ಏರಿ ಬಂದವರು ಬೆವರು ಆರುವ ಮೊದಲೇ ಇಳಿಯುತ್ತಾರೆ. ಅಲ್ಲಿಗೆ ಹೋಗುವವರಿಗೆ ವಾಹನದ ರಸ್ತೆ ಕೆಳಗಿನ ಬರ್ಶೇಣಿ ಹಳ್ಳಿಯಲ್ಲೇ ಮುಗಿಯುತ್ತದೆ. ಕೊಳದಲ್ಲಿ ತಲೆ ತಿರುಗಿ ಬಿದ್ದವರನ್ನು ಅಲ್ಲಿಯವರೆಗೆ ಹೊತ್ತೇ ಇಳಿಸಬೇಕು.